ವಾದಿ ಜಿಝಿಯ ಎರಡು ಕಿಟಕಿಗಳು

ನನ್ನ ಗಂಡನಿಗೆ ಕಾರು ಓಡಿಸಲು ಬರುತ್ತಿರಲಿಲ್ಲ ಎಂದರೆ ತಪ್ಪಾದೀತು. ಮುಂದಕ್ಕೆ ಚೆನ್ನಾಗಿಯೇ ಓಡಿಸುತ್ತಿದ್ದರು, ಹಿಂದಕ್ಕೆ ತೆಗೆಯಲು ಬರುತ್ತಿರಲಿಲ್ಲ. ಒಮಾನಿನಲ್ಲಿ ಲೈಸೆನ್ಸ್ ಬೇಕಾದರೆ ಡ್ರಮ್ಮುಗಳ ನಡುವೆ ಕಾರನ್ನು ರಿವರ್ಸ್ ತೆಗೆದು ತೋರಿಸಬೇಕು. ಇವರು ನಾಲ್ಕು ಸಲ ಹೋಗಿ ನಾಲ್ಕು ಸಲವೂ ಡ್ರಮ್ಮಿಗೆ ತಾಗಿಸಿ ಬಂದಿದ್ದರು. ಬೈಕಿಗೆ ರಿವರ್ಸ್ ಇಲ್ಲವಲ್ಲ, ಅದರ ಲೈಸೆನ್ಸ್ ಮೊದಲ ಸಲಕ್ಕೇ ಸಿಕ್ಕಿತ್ತು. ಹಾಗಾಗಿ ತೊಂಬತ್ತರ ದಶಕದ ಆರಂಭದ ಆ ಗುರುವಾರ ಬೆಳಿಗ್ಗೆ, ಮಸ್ಕತ್ತಿನ ಅಲ್ ಅಜೈಬಾದ ನಮ್ಮ ನೆರೆಕರೆಯವರು ಗುರುವಾರ-ಶುಕ್ರವಾರದ ವಾರದ ರಜೆಯ ನಿದ್ದೆಯಲ್ಲಿರುವಾಗ, ನಾವಿಬ್ಬರು ಬೈಕ್ ಹತ್ತಿ ಮುನ್ನೂರು ಕಿಲೋಮೀಟರ್ ಆಚೆಯ ಗಡಿಗೆ ಹೊರಟೆವು.

ಮೋಜಿಗೆ ಹೊರಟದ್ದಲ್ಲ. ನಮಗೆ ಮದುವೆಯಾಗಿ ಆರು ವರ್ಷವಾಗಿತ್ತು. ಇವರಿಗೆ ರುಸೈಲಿನ ಒಂದು ಕಾರ್ಖಾನೆಯಲ್ಲಿ ಸ್ಟೋರ್ ನೋಡಿಕೊಳ್ಳುವ ಕೆಲಸ, ಎರಡು ವರ್ಷಕ್ಕೊಮ್ಮೆ ರಜೆ. ಒಟ್ಟಿಗಿದ್ದ ದಿನಗಳನ್ನೆಲ್ಲ ಕೂಡಿಸಿದರೂ ಒಂದು ವರ್ಷ ತುಂಬುತ್ತಿರಲಿಲ್ಲ. ಊರಿನಲ್ಲಿ ನೆಂಟರು, ಗಂಡ ಗಲ್ಫಿನಲ್ಲಿದ್ದಾನೆ, ನಿನಗೇನು ಕಡಿಮೆ ಎಂದು ಕೇಳುವಾಗ ನನಗೆ ಮೈ ಉರಿಯುತ್ತಿತ್ತು. ಕೊನೆಗೆ ಮೂರು ತಿಂಗಳ ವಿಸಿಟ್ ವೀಸಾದಲ್ಲಿ ಬಂದೆ. ಅದು ಮುಗಿಯುವ ಹೊತ್ತಿಗೆ ಕಂಪನಿ ಅಂತೂ ಇಂತೂ ಫ್ಯಾಮಿಲಿ ವೀಸಾ ಮಾಡಿಕೊಟ್ಟಿತು. ಆದರೆ ಹಳೆಯ ವೀಸಾದಲ್ಲಿದ್ದವಳು ದೇಶದಿಂದ ಹೊರಗೆ ಹೋಗಿ ಹೊಸ ವೀಸಾದಲ್ಲಿ ಒಳಗೆ ಬರಬೇಕು, ಅದೂ ಶನಿವಾರದೊಳಗೆ. ತಪ್ಪಿದರೆ ವೀಸಾ ರದ್ದು, ನಾನು ಊರಿಗೆ.

ಚೂಡಿದಾರದ ಶಾಲನ್ನು ಸೊಂಟಕ್ಕೆ ಬಿಗಿದು ಕೂತಿದ್ದೆ. ಸೊಹಾರ್ ಬರುವಷ್ಟರಲ್ಲಿ ನನಗೆ ಬೆನ್ನಿದೆ ಎಂಬುದು ಮರೆಯಲಾಗದ ಹಾಗೆ ಗೊತ್ತಾಗಿತ್ತು. ಅಲ್ಲಿಂದ ಬೆಟ್ಟಗಳ ಕಡೆ ತಿರುಗಿ ವಾದಿ ಜಿಝಿಯ ಚೆಕ್‌ಪೋಸ್ಟಿಗೆ ಬಂದೆವು. ಹೊರಗೆ ಹೋಗುವವರ ಕಿಟಕಿಯಲ್ಲಿ ಪಾಸ್‌ಪೋರ್ಟಿಗೆ ಮೊಹರು ಬಿತ್ತು. ಅದರಾಚೆಯ ಬುರೈಮಿಯೂ ಒಮಾನಿನದೇ ಊರು, ಆದರೆ ಚೆಕ್‌ಪೋಸ್ಟ್ ಅದಕ್ಕಿಂತ ಈಚೆಗಿತ್ತು. ಕಾಗದದ ಪ್ರಕಾರ ನಾನು ದೇಶ ಬಿಟ್ಟಾಗಿತ್ತು.

ಬುರೈಮಿಯ ಒಂದು ದಿನಸಿ ಅಂಗಡಿಯೆದುರು ಚಹಾ ಕುಡಿದೆವು. ನಾವು ತುಳು ಮಾತಾಡುವುದು ಕೇಳಿ ಅಂಗಡಿಯವರು ಹೊರಗೆ ಬಂದರು. ಉಳ್ಳಾಲದ ಕಡೆಯ ಬ್ಯಾರಿಗಳು. ಚಹಾದ ಜೊತೆ ಊರಿನ ಸುದ್ದಿಯೂ ಆಯಿತು. ಮಧ್ಯಾಹ್ನ ಹಿಂದೆ ಬಂದು ಒಳಗೆ ಬರುವವರ ಕಿಟಕಿಯಲ್ಲಿ ನಿಂತಾಗ ಇವರು ಜೇಬಿನಿಂದ ವೀಸಾ ತೆಗೆದು ಕೊಟ್ಟರು. ಅಧಿಕಾರಿ ಅದನ್ನು ತಿರುಗಿಸಿ ನೋಡಿ, ಇದು ಜೆರಾಕ್ಸ್, ಒರಿಜಿನಲ್ ಎಲ್ಲಿ ಎಂದು ಕೇಳಿದ.

ಒರಿಜಿನಲ್ ಮಸ್ಕತ್ತಿನ ಸೀಬ್ ವಿಮಾನ ನಿಲ್ದಾಣದಲ್ಲಿತ್ತು. ಆಗ ಗಲ್ಫಿಗೆ ಬರುವವರ ಕೈಯಲ್ಲಿ ಇರುತ್ತಿದ್ದದ್ದು ಜೆರಾಕ್ಸ್ ಮಾತ್ರ. ಒರಿಜಿನಲನ್ನು ಕಂಪನಿಯವರು ಮೊದಲೇ ವಿಮಾನ ನಿಲ್ದಾಣದಲ್ಲಿ ಡಿಪಾಸಿಟ್ ಮಾಡಿರುತ್ತಿದ್ದರು. ನಾನೂ ಮೂರು ತಿಂಗಳ ಹಿಂದೆ ಹಾಗೆಯೇ ಬಂದವಳು. ಕಂಪನಿಯ ವೀಸಾ ಕೆಲಸ ನೋಡುವ ಮಂದೂಬ್, ಪಾಪ, ಅಭ್ಯಾಸಬಲದಿಂದ ಈ ಸಲವೂ ಅಲ್ಲಿಯೇ ಡಿಪಾಸಿಟ್ ಮಾಡಿದ್ದ. ಇವರು ಅಭ್ಯಾಸಬಲದಿಂದ ಜೆರಾಕ್ಸ್ ತಂದಿದ್ದರು. ಈ ಹೆಂಗಸು ಬರುವುದು ವಿಮಾನದಲ್ಲಲ್ಲ, ಬೈಕಿನಲ್ಲಿ ಎಂಬುದು ಯಾರ ತಲೆಗೂ ಹೋಗಿರಲಿಲ್ಲ.

ಅಧಿಕಾರಿ ಒರಟನಲ್ಲ. ನನಗೆ ನೀರು ಕೊಟ್ಟು ಕುರ್ಚಿ ಹಾಕಿದ. ಒರಿಜಿನಲ್ ತಂದರೆ ಎರಡು ನಿಮಿಷದ ಕೆಲಸ, ತರದಿದ್ದರೆ ತಾನೇನೂ ಮಾಡುವ ಹಾಗಿಲ್ಲ ಎಂದ. ನಾನು ಹೊರಗೆ ಬಂದು ಬೈಕಿನ ಪಕ್ಕ ನಿಂತು ಇವರನ್ನು ತುಳುವಿನಲ್ಲಿ ಬಾಯಿಗೆ ಬಂದ ಹಾಗೆ ಬೈದೆ. ಡ್ರಮ್ಮಿನ ವಿಷಯವನ್ನೂ ಬಿಡಲಿಲ್ಲ. ಇವರು ಆ ಜೆರಾಕ್ಸನ್ನು ಮಡಚುತ್ತ, ಮತ್ತೆ ಬಿಡಿಸುತ್ತ ನಿಂತಿದ್ದರು. ಅದು ಕಂಡ ಮೇಲೆ ನಾನೇ ಬೈಯುವುದನ್ನು ನಿಲ್ಲಿಸಿದೆ.

ಬೇರೆ ದಾರಿಯಿಲ್ಲದೆ ಬುರೈಮಿಯ ಅದೇ ಅಂಗಡಿಗೆ ಹೋದೆವು. ಅಂಗಡಿಯವರ ಹೆಂಡತಿ ನನ್ನ ಕೈ ಹಿಡಿದು ಹಿಂದಿನ ಮನೆಗೆ ಕರೆದುಕೊಂಡು ಹೋದರು.

"ನೀವು ಎಂತಕ್ಕೆ ಹೆದರುದು ಅಕ್ಕ? ಅವರು ಹೋಗಿ ತರ್ಲಿ. ಅಷ್ಟರವರೆಗೆ ನಮ್ಮ ಮನೆ ಉಂಟಲ್ಲ," ಎಂದರು.

ಕೆಲಸದ ವೀಸಾ ಇದ್ದದ್ದರಿಂದ ಇವರು ಅದೇ ಬೈಕಿನಲ್ಲಿ ಚೆಕ್‌ಪೋಸ್ಟ್ ದಾಟಿ ಮಸ್ಕತ್ತಿಗೆ ತಿರುಗಿದರು. ಸಂಜೆ ಅಂಗಡಿಗೆ ಇವರ ಫೋನು ಬಂತು. ಡಿಪಾಸಿಟ್ ಮಾಡಿದವನೇ ಬಂದು ಬಿಡಿಸಬೇಕಂತೆ. ಮಂದೂಬ್ ರಜೆಗೆಂದು ನಿಜ್ವಾದ ಆಚೆ ತನ್ನ ಹಳ್ಳಿಗೆ ಹೋಗಿದ್ದಾನಂತೆ.

"ನಾನು ಅವನನ್ನು ಹುಡುಕಿಕೊಂಡೇ ಬರ್ತೇನೆ. ನೀನು ಸರಿಯಾಗಿ ಊಟ ಮಾಡು ಮಾರಾಯ್ತಿ," ಎಂದು ಫೋನು ಇಟ್ಟರು.

ಆ ಮನೆಯಾಕೆ ನನಗೆಂದೇ ಮೀನು ಹುರಿದಿದ್ದರು. ನಾನು ಅರ್ಧ ತಿಂದು ಬಿಟ್ಟೆ. ಶುಕ್ರವಾರ ಬೆಳಗಾಯಿತು, ಜುಮ್ಮಾ ನಮಾಜು ಮುಗಿಸಿ ಅಂಗಡಿಯವರು ಮನೆಗೆ ಬಂದರು, ಊಟವೂ ಆಯಿತು. ಊರಿಗೆ ಹೋದರೆ ಅತ್ತೆಗೆ ಏನು ಹೇಳಲಿ ಎಂದು ಮನಸ್ಸಿನಲ್ಲೇ ಮಾತು ಜೋಡಿಸುತ್ತಿದ್ದೆ. ಕೊನೆಕೊನೆಗೆ ವೀಸಾ ಹಾಳಾಗಲಿ, ಮನುಷ್ಯ ರಸ್ತೆಯಲ್ಲಿ ಎಲ್ಲೂ ಬೀಳದೆ ಬಂದರೆ ಸಾಕು ಅನ್ನಿಸಿತು.

ಮೂರೂವರೆಗೆ ಬೈಕಿನ ಸದ್ದು ಕೇಳಿತು. ಮುಖ, ಮೀಸೆ ಎಲ್ಲ ಧೂಳು. ಅಂಗಿಯೊಳಗಿನಿಂದ ಪ್ಲಾಸ್ಟಿಕ್ ಚೀಲ ತೆಗೆದು ಒರಿಜಿನಲ್ ತೋರಿಸಿದರು. ಮಂದೂಬ್ ಹಳ್ಳಿಯಿಂದ ತನ್ನ ಕಾರಿನಲ್ಲೇ ಹಿಂದೆ ಬಂದು, ನೂರು ಸಲ ಕ್ಷಮೆ ಕೇಳಿ, ಬಿಡಿಸಿ ಕೊಟ್ಟನಂತೆ. ನಾನು ಆ ಮನೆಯಾಕೆಯನ್ನು ತಬ್ಬಿಕೊಂಡು ಅತ್ತುಬಿಟ್ಟೆ.

ವಾದಿ ಜಿಝಿಯಲ್ಲಿ ನಿಜಕ್ಕೂ ಎರಡೇ ನಿಮಿಷದ ಕೆಲಸ. ಅಧಿಕಾರಿ ಮೊಹರು ಒತ್ತಿ ಪಾಸ್‌ಪೋರ್ಟನ್ನು ನನ್ನ ಕೈಗೇ ಕೊಟ್ಟ. ಅದರಲ್ಲಿ ನಾನು ಎರಡು ವರ್ಷ ಇಲ್ಲಿರಬಹುದು ಎಂದಿತ್ತು. ಹೊರಗಿನ ನೆರಳಿನಲ್ಲಿ ಒಂದು ನಿಮಿಷ ಕೂತು ಹೋಗುವ ಎಂದ ಇವರು, ಗೋಡೆಗೆ ಒರಗಿದವರು ಹಾಗೆಯೇ ನಿದ್ದೆ ಹೋದರು.

ರಜೆಯಲ್ಲಿ ಊರಿಗೆ ಬಂದಾಗ ಇವರು ಹಗಲು ಮಲಗಿದರೆ ನನಗೆ ತಡೆಯಲಾಗದ ಸಿಟ್ಟು ಬರುತ್ತಿತ್ತು. ಇರುವುದೇ ಬೆರಳೆಣಿಕೆಯ ದಿನ, ಅದರಲ್ಲಿ ಅರ್ಧ ದಿನ ದಂಡವಾಯಿತಲ್ಲ ಎಂದು ಪಾತ್ರೆ ಕುಕ್ಕಿ ಎಬ್ಬಿಸುತ್ತಿದ್ದೆ. ಅವತ್ತು ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದವರ ಪಕ್ಕದಲ್ಲಿ, ಬಿಸಿಲು ಬೆಟ್ಟದ ಹಿಂದೆ ಹೋಗುವವರೆಗೂ ಕೂತಿದ್ದೆ. ಎಬ್ಬಿಸಲಿಲ್ಲ.