ಫೋಟೋಕ್ಕೆ ಹಾಕಿದ ಹಾರ

1946ರಲ್ಲಿ ನಾನು ಕೊಲ್ಹಾಪುರದ ಒಂದು ಮೋಟಾರ್ ಕಂಪನಿಯಲ್ಲಿ ಡ್ರೈವರ್ ಆಗಿದ್ದೆ. ಯುದ್ಧ ಮುಗಿದಿದ್ದರೂ ಪೆಟ್ರೋಲ್ ರೇಷನ್ ಮುಗಿದಿರಲಿಲ್ಲ. ನನ್ನದು ಗ್ಯಾಸ್ ಪ್ಲ್ಯಾಂಟ್ ಬಸ್ಸು. ಹಿಂದೆ ಕಟ್ಟಿದ ಡ್ರಮ್ಮಿನಲ್ಲಿ ಇದ್ದಿಲು ಉರಿಸಿ, ಅದರ ಅನಿಲದಿಂದ ಎಂಜಿನ್ ಓಡಿಸಬೇಕು. ಏರು ಬಂದರೆ ಪ್ರಯಾಣಿಕರು ಇಳಿದು ನಡೆಯುತ್ತಿದ್ದರು, ಬಸ್ಸಿಗಿಂತ ಮೊದಲೇ ಮೇಲೆ ಮುಟ್ಟುತ್ತಿದ್ದರು.

ಆಗ ಊರ ಹೊರಗೆ ಪೋಲೆಂಡಿನ ನಿರಾಶ್ರಿತರ ಶಿಬಿರವಿತ್ತು. ಅಲ್ಲಿಯ ಇಪ್ಪತ್ತು ಹೆಂಗಸರು ಒಂದು ದಿನದ ಪ್ರವಾಸಕ್ಕೆ ನನ್ನ ಬಸ್ಸನ್ನು ಗೊತ್ತುಮಾಡಿದರು. ಅವರ ಮುಂದಾಳು ಯಾನಿನಾ ಬಾಯಿ, ಶಿಬಿರದ ಶಾಲೆಯ ಶಿಕ್ಷಕಿ. ಮೂರು ವರ್ಷದಲ್ಲಿ ಮರಾಠಿ ಕಲಿತಿದ್ದರು. ಸತ್ತ ತಮ್ಮವರ ಹೆಸರು ಕೆತ್ತಿಸಿ ಒಂದು ಕಲ್ಲು ನಿಲ್ಲಿಸಬೇಕೆಂದು ಅವರ ಯೋಚನೆ. ಈ ಸೀಮೆಯವರು ಹೇಗೆ ನಿಲ್ಲಿಸುತ್ತಾರೆಂದು ನೋಡಲು ಗಡಹಿಂಗ್ಲಜ ಹತ್ತಿರದ ಹಳ್ಳಿಯೊಂದಕ್ಕೆ, ವೀರಗಲ್ಲುಗಳಿದ್ದಲ್ಲಿಗೆ, ಹೊರಟಿದ್ದರು. ಆ ಕಲ್ಲಿಗೆಂದು ಎಲ್ಲರೂ ತಮ್ಮ ಸತ್ತವರ ಹೆಸರು ಬರೆಸಿದ್ದರು, ಹೆಲೆನಾ ಒಬ್ಬಳು ಬಿಟ್ಟು. ಆಕೆಯ ಗಂಡನನ್ನು ಸೈನಿಕರು ಹಿಡಿದೊಯ್ದು ಆರು ವರ್ಷವಾಗಿತ್ತು, ಕಾಗದವಿಲ್ಲ, ಸುದ್ದಿಯಿಲ್ಲ. ಇನ್ನಾದರೂ ಬರೆಸು ಎಂದು ಉಳಿದವರು ಬೆನ್ನು ಹತ್ತಿದ್ದರು. ಇದು ನನಗೆ ಮೊದಲೇ ಗೊತ್ತಿದ್ದರೆ ಆ ದಿನದ ತಪ್ಪು ಆಗುತ್ತಿರಲಿಲ್ಲ.

ದಾರಿಯಲ್ಲಿ ಇಚಲಕರಂಜಿಯಲ್ಲಿ ಇಳಿದು ಮಗ್ಗ ನೋಡಿದರು. ಆ ಸದ್ದಿನಲ್ಲಿ ಯಾರ ಮಾತೂ ಯಾರಿಗೂ ಕೇಳದ್ದರಿಂದ ಭಾಷೆಯ ತೊಂದರೆಯೇ ಬರಲಿಲ್ಲ. ಗಡಹಿಂಗ್ಲಜ ಪೇಟೆಯಲ್ಲಿ ನಾನು ಒಂದು ಬುಟ್ಟಿ ಚೆಂಡುಹೂವಿನ ಹಾರಗಳನ್ನು ಕೊಂಡೆ. ವೀರಗಲ್ಲಿನ ಮುಂದೆ ಬರಿಗೈಲೆ ನಿಲ್ಲಬಾರದೆಂಬುದು ನಮ್ಮ ಕಡೆಯ ರೂಢಿ.

ಕಲ್ಲುಗಳಿಗೆ ತಂಗೆವ್ವ ಎಂಬ ಮುದುಕಿ ಎಣ್ಣೆ ಹಚ್ಚುತ್ತಿದ್ದಳು. ನಡುವಿನ ದೊಡ್ಡ ಕಲ್ಲಿನ ಬಗ್ಗೆ ಕೇಳಿದೆ.

“ಇದು ಊರಳಿವಿನ ಕಲ್ಲರೀ,” ಎಂದಳು. “ದಂಡು ಬಂದು ಊರು ಸುಟ್ಟು, ಹೆಣ್ಮಕ್ಕಳು, ಕೂಸು ಅನ್ನದ ಎಲ್ಲಾರನೂ ಕಡದ್ರಂತ. ಅವರ ಹೆಸರ ಹೇಳಾಕ ಒಬ್ಬರೂ ಉಳೀಲಿಲ್ಲ.”

ನಾನು ಮರಾಠಿಯಲ್ಲಿ ಹೇಳಿದ್ದನ್ನು ಯಾನಿನಾ ಬಾಯಿ ತಮ್ಮವರಿಗೆ ಹೇಳಿದರು. ಒಬ್ಬಾಕೆ ನೆಲದ ಮೇಲೇ ಕುಳಿತುಬಿಟ್ಟಳು. ಆಕೆಯ ಊರೂ ಹೀಗೆಯೇ ಅಳಿದಿತ್ತಂತೆ. ಆಮೇಲೆ ಒಬ್ಬೊಬ್ಬರೇ ತಮ್ಮವರ ಫೋಟೋ ತೆಗೆದು ಕಲ್ಲಿನ ಬುಡದಲ್ಲಿಟ್ಟರು. ನಾನು ಒಂದೊಂದಕ್ಕೂ ಹಾರ ಹಾಕುತ್ತ ಬಂದೆ. ಹೆಲೆನಾ ದೂರ ನಿಂತಿದ್ದಳು, ಕೈಯಲ್ಲಿ ಫೋಟೋ ಇತ್ತು. ಸಂಕೋಚವಿರಬೇಕೆಂದುಕೊಂಡು ನಾನೇ ಹೋಗಿ ಅದಕ್ಕೂ ಹಾರ ಹಾಕಿದೆ. ಕೊಲ್ಹಾಪುರದಲ್ಲಿ ಅತಿಥಿಗಳಿಗೆ ಹಾರ ಹಾಕುವುದನ್ನು ನೋಡಿದ್ದವಳು, ಇದೂ ಮರ್ಯಾದೆಯೆಂದು ನಕ್ಕಳು.

ತಂಗೆವ್ವ ಬಂದು ಆಕೆಯ ಗದ್ದ ಸವರಿ, “ಯಜಮಾನ್ರು ಯಾವಾಗ ತೀರಿಕೊಂಡ್ರ ತಾಯಿ?” ಎಂದಳು.

ಏನೆಂದಳು ಎಂದು ಯಾನಿನಾ ಬಾಯಿ ನನ್ನನ್ನು ಕೇಳಿದರು. ನಮ್ಮಲ್ಲಿ ಹಾರ ಹಾಕಿದ ಫೋಟೋ ಎಂದರೆ ಸತ್ತವರದು ಎಂದು ನನ್ನ ಬಾಯಿಂದಲೇ ಹೇಳಬೇಕಾಯಿತು. ಹೆಲೆನಾಳ ಸಂಗತಿ ಯಾನಿನಾ ಬಾಯಿಯಿಂದ ನನಗೆ ತಿಳಿದದ್ದು ಆಗಲೇ. ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಹಾರದ ಅರ್ಥವನ್ನು ಯಾನಿನಾ ಬಾಯಿ ತಿಳಿಸಿದಾಗ ಹೆಲೆನಾ ಅಳಲಿಲ್ಲ. ಹಾರ ತೆಗೆದು ಊರಳಿವಿನ ಕಲ್ಲಿಗೆ ಹಾಕಿದಳು. “ಇವರ ದಾರಿ ಕಾಯಲು ಯಾರೂ ಉಳಿದಿಲ್ಲ, ನನ್ನವನಿಗೆ ನಾನಿದ್ದೇನೆ” ಎಂದಳೆಂದು ಯಾನಿನಾ ಬಾಯಿ ತಿಳಿಸಿದರು. ಅದನ್ನು ತಂಗೆವ್ವನಿಗೆ ಕನ್ನಡದಲ್ಲಿ ಹೇಳಿದೆ. ತಾನು ವಿಧವೆಯಾದ್ದರಿಂದ ಆಕೆ ಕುಂಕುಮ ಮುಟ್ಟುವಂತಿರಲಿಲ್ಲ. ಎದುರು ಮನೆಯ ಸೊಸೆಯನ್ನು ಕರೆದು ಹೆಲೆನಾಳ ಹಣೆಗೆ ಕುಂಕುಮ ಹಚ್ಚಿಸಿದಳು.

“ಗಂಡ ಅದಾನಂತ ಅಕಿ ಅಂದಮ್ಯಾಲ ಅದಾನ,” ಎಂದಳು. “ಇಲ್ಲ ಅನ್ನಾಕ ನಾವ್ಯಾರ್ರಿ?”

ಕೊಲ್ಹಾಪುರ ಮುಟ್ಟುವವರೆಗೂ ಹೆಲೆನಾ ಅದನ್ನು ಒರೆಸಿಕೊಳ್ಳಲಿಲ್ಲ. ಆಕೆಯ ಗಂಡ ಬಂದನೋ ಇಲ್ಲವೋ ನಾನರಿಯೆ. ಮುಂದೆ ಎಷ್ಟೋ ವರ್ಷ ಜನರನ್ನು ಇಂಥ ಕಲ್ಲುಗಳ ಹತ್ತಿರ ಕರೆದೊಯ್ದೆ. ಯಾರು ಸತ್ತರು, ಯಾರು ಇದ್ದಾರೆ ಎಂದು ಹೇಳುವ ಹಕ್ಕು ಕಾಯುವವರದು. ಅವರು ಬಾಯಿ ಬಿಡುವ ತನಕ ನಾನು ಸುಮ್ಮನೆ ಬಸ್ಸಿನ ಹತ್ತಿರ ನಿಲ್ಲುವುದನ್ನು ಕಲಿತೆ.