ಹಿಲ್ಡಕ್ಕನಿಗೆ ಬಿಟ್ಟ ಎಳ್ಳುನೀರು

ಬದುಕಿದ್ದ ಒಬ್ಬ ಹೆಂಗಸಿಗೆ ನನ್ನ ತಂದೆಯ ಕೈಯಿಂದ ಆರು ವರ್ಷ ಎಳ್ಳುನೀರು ಬಿಡಿಸಿದವಳು ನಾನು.

ತಂದೆಯನ್ನು ನಾವು ಅಣ್ಣ ಎನ್ನುತ್ತೇವೆ. ಮೈಸೂರಿನ ಕಾರ್ಖಾನೆಗೆ ಸೇರಿದ ಹೊಸದರಲ್ಲಿ ಅವರನ್ನು ತರಬೇತಿಗೆಂದು ಜರ್ಮನಿಯ ಸ್ಟುಟ್‌ಗಾರ್ಟಿಗೆ ಕಳಿಸಿದ್ದರು. ಹಗಲೆಲ್ಲ ಯಂತ್ರದ ಎಣ್ಣೆ ಮೆತ್ತಿಕೊಂಡವರು ಸಂಜೆ ಕೈ ತೊಳೆದು ಸಂಗೀತ ಕಛೇರಿಗೆ ಹೋಗುವ ಊರು ಅದು ಎಂದು ಇಂದಿಗೂ ಬಾಯಿತುಂಬ ಹೊಗಳುತ್ತಾರೆ. ಅಲ್ಲಿ ಅವರಿಗೆ ಕೋಣೆ ಬಾಡಿಗೆ ಕೊಟ್ಟವರು ಹಿಲ್ಡಾ. ಅಣ್ಣನಿಗಿಂತ ಎಂಟು ವರ್ಷ ದೊಡ್ಡವರು, ಹಾಗಾಗಿ ಹಿಲ್ಡಕ್ಕ. ಮಾಂಸ ಮುಟ್ಟದ ಹುಡುಗ ಬರೀ ಬ್ರೆಡ್ಡಿನಲ್ಲಿ ದಿನ ದೂಡುತ್ತಿದ್ದಾನೆಂದು ತಿಳಿದು, ಅವನಿಗೆಂದೇ ಬೇರೆ ಬಾಣಲೆ ತಂದು, ಹಿಡಿಗೆ ಕೆಂಪು ದಾರ ಕಟ್ಟಿ, ಆಲೂಗಡ್ಡೆ ಹುರಿದುಕೊಟ್ಟ ಮಹಾತಾಯಿ. ಊರಿಗೆ ಮರಳಿದ ಮೇಲೂ ಅಣ್ಣ ಪ್ರತಿ ದೀಪಾವಳಿಗೆ ಅವರಿಗೆ ಕಾಗದ ಬರೆದರು.

ಅಮ್ಮ ತೀರಿಕೊಂಡ ಮೇಲೆ ಅಣ್ಣ ಮೈಸೂರು ಬಿಟ್ಟು ಇಂಗ್ಲಿಷರ ನಾಡಿನ ಇಲ್ಫರ್ಡಿನಲ್ಲಿರುವ ನಮ್ಮ ಮನೆಗೆ ಬಂದರು. ಅಷ್ಟರಲ್ಲಿ ಹಿಲ್ಡಕ್ಕನ ಕೊನೆಯ ಉತ್ತರ ಬಂದು ಎರಡು ವರ್ಷವಾಗಿತ್ತು. ಕ್ಯಾನರಿ ವಾರ್ಫಿನ ನನ್ನ ಆಫೀಸಿನವರು ಸ್ಟುಟ್‌ಗಾರ್ಟಿಗೆ ಕಳಿಸುತ್ತಾರೆಂದು ತಿಳಿದದ್ದೇ ತಡ, ಅಣ್ಣ ವಿಳಾಸ ಬರೆದು ನನ್ನ ಕೈಗಿತ್ತರು. ಹೋಗಿ ನೋಡಿಕೊಂಡು ಬಾ ಎಂದರು.

ಹೋದೆ—ಮೆಟ್ಟಿಲಿನ ಬುಡದವರೆಗೆ. ಆ ಊರಿನಲ್ಲಿ ಗುಡ್ಡದ ಮೇಲಿನ ಮನೆಗಳಿಗೆ ಉದ್ದುದ್ದ ಕಲ್ಲಿನ ಮೆಟ್ಟಿಲು. ಸುಡುಬಿಸಿಲು, ಕಾಲಿಗೆ ಹೊಸ ಶೂ. ತಲೆಯೆತ್ತಿ ನೋಡಿದೆ, ತಿರುಗಿಬಿಟ್ಟೆ. ಚಿತ್ರಶಾಲೆ ನೋಡಿದೆ, ಐಸ್‌ಕ್ರೀಮ್ ತಿಂದೆ. ಮನೆಗೆ ಬಂದಾಗ ಅಣ್ಣ ಬಾಗಿಲಲ್ಲೇ ನಿಂತಿದ್ದರು. ಹೋಗಲಿಲ್ಲ ಎಂದರೆ ಮತ್ತೆ ಕಳಿಸುತ್ತಾರೆ, ಸಿಕ್ಕರು ಎಂದರೆ ನೂರು ಪ್ರಶ್ನೆ ಕೇಳುತ್ತಾರೆ—

“ಹೋಗ್ಬಿಟ್ರಂತೆ ಅಣ್ಣ. ಪಕ್ಕದ ಮನೆಯೋರು ಹೇಳಿದ್ರು.”

ಅಣ್ಣ ನೇರ ಹೋಗಿ ತಲೆಗೆ ನೀರು ಹಾಕಿಕೊಂಡರು. ಬಚ್ಚಲಿನಿಂದ ನೀರಿನ ಸದ್ದು ಕೇಳುತ್ತಿತ್ತು. ಆಗಲೇ ಹೇಳಿಬಿಡಬಹುದಿತ್ತು.

ಆ ವರ್ಷದ ಮಹಾಲಯ ಅಮಾವಾಸ್ಯೆಗೆ, ತಮ್ಮ ತಂದೆತಾಯಿ, ನನ್ನ ಅಮ್ಮ, ಎಲ್ಲರ ತರ್ಪಣ ಮುಗಿದ ಮೇಲೆ, ಅಣ್ಣ ಹಿಲ್ಡಾ ಎಂದು ಹೆಸರು ಹೇಳಿ ನೀರು ಬಿಟ್ಟರು. ಗೋತ್ರ ಗೊತ್ತಿಲ್ಲದವರಿಗೆ ಕಾಶ್ಯಪ ಗೋತ್ರ ಹೇಳುವುದು ವಾಡಿಕೆ, ಅದನ್ನೇ ಹೇಳಿದರು. ಆಮೇಲೆ ಪ್ರತಿ ವರ್ಷವೂ ಅಷ್ಟೇ. ಕರಿ ಎಳ್ಳು ತಂದು ತಟ್ಟೆಯಲ್ಲಿಡುತ್ತಿದ್ದವಳು ನಾನು. ಹೇಗೂ ಇಷ್ಟರಲ್ಲಿ ಹೋಗಿರುತ್ತಾರೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಥೂ.

ಹೋದ ವಾರ ಮತ್ತೆ ಸ್ಟುಟ್‌ಗಾರ್ಟಿನ ಕೆಲಸ ಬಂತು. ಸಮಾಧಿ ಎಲ್ಲಿದೆ ಎಂದು ವಿಚಾರಿಸಿ ಒಂದು ಹೂವಿಟ್ಟು ಬಾ ಎಂದರು ಅಣ್ಣ. ಬಿಳಿ ಹೂವು ಕೊಂಡು ಹೊರಟೆ. ಆ ಮನೆಯ ಬಾಗಿಲವರೆಗೆ ಬಸ್ಸು ಹೋಗುತ್ತದಂತೆ—ಮೊದಲಿನಿಂದಲೂ. ಇಳಿದು ಗಂಟೆ ಒತ್ತಿದೆ. ಕೋಲೂರಿಕೊಂಡು ಬಂದ ಮುದುಕಿಯೊಬ್ಬರು ಬಾಗಿಲು ತೆರೆದರು. ಅಣ್ಣನ ಹಳೆಯ ಫೋಟೋದಲ್ಲಿದ್ದ ಅದೇ ಮುಖ.

ನನ್ನ ಹೆಸರು, ಅಣ್ಣನ ಹೆಸರು ಹೇಳಿದೆ. ಸಮಾಧಿಗೆಂದು ತಂದ ಹೂವನ್ನು ಅವರು ತಮಗೇ ತಂದದ್ದೆಂದು ಎರಡೂ ಕೈಯಿಂದ ತೆಗೆದುಕೊಂಡರು. ಕಣ್ಣು ಮಂಜಾಗಿ ಬರೆಯುವುದು ನಿಂತಿತಂತೆ. ಅಣ್ಣನ ಕಾಗದಗಳನ್ನು ಮಾತ್ರ ಯಾರಿಂದಲಾದರೂ ಓದಿಸಿಕೊಳ್ಳುತ್ತಿದ್ದರಂತೆ. ಅಡುಗೆಮನೆಯ ಗೋಡೆಯಲ್ಲಿ ಬಾಣಲೆ ತೂಗುತ್ತಿತ್ತು. ದಾರದ ಕೆಂಪು ಬಣ್ಣ ಪೂರ್ತಿ ಹೋಗಿತ್ತು.

ಅವನು ಹೋದದ್ದು ಯಾವಾಗ ಎಂದು ನಿಧಾನದ ಇಂಗ್ಲಿಷಿನಲ್ಲಿ ಕೇಳಿದರು. ಇದ್ದಾರೆ, ನನ್ನ ಮನೆಯಲ್ಲೇ ಇದ್ದಾರೆ ಎಂದೆ. ಅವರು ಗೋಡೆ ಹಿಡಿದುಕೊಂಡರು. ಮತ್ತೆ ಕೇಳಿದರು, ಹಾಗಾದರೆ ಬರೆಯುವುದನ್ನು ಏಕೆ ನಿಲ್ಲಿಸಿದ?

ಆಗಲಾದರೂ... ಇಲ್ಲ. ವಯಸ್ಸಾಯಿತು, ಮರೆವು ಹೆಚ್ಚು ಎಂದುಬಿಟ್ಟೆ. ಅಣ್ಣನಿಗೆ, ಏನನ್ನೂ ಮರೆಯದ ಅಣ್ಣನಿಗೆ, ಮರೆವು! ಹಿಲ್ಡಕ್ಕ ಹೂವಿಗೆ ನೀರು ಹಾಕಲು ಒಳಗೆ ಹೋದರು.

ಇಂದು ಬೆಳಿಗ್ಗೆ ಅಣ್ಣ, ಅಮಾವಾಸ್ಯೆ ಹತ್ತಿರ ಬಂತು, ಎಳ್ಳು ಇದೆಯಾ ಎಂದು ಕೇಳಿದರು. ಅಲ್ಲೇ ನಿಂತು ಎಲ್ಲ ಹೇಳಿದೆ. ಐಸ್‌ಕ್ರೀಮಿನಿಂದ ಮರೆವಿನವರೆಗೆ, ಒಂದನ್ನೂ ಬಿಡಲಿಲ್ಲ. ಅಣ್ಣ ತಮ್ಮ ಬಲಗೈಯನ್ನೇ ನೋಡುತ್ತ ಕೂತರು, ನೀರು ಬಿಟ್ಟ ಕೈಯನ್ನು. ಬೈಯಲಿಲ್ಲ. ಒಂದೇ ಮಾತು ಕೇಳಿದರು.

“ನಾನು ಮರ್ತೆ ಅಂದ್ಕೊಂಡಿದಾರಾ ಈಗ?”

ಹೌದೆಂದೆ. ನನ್ನನ್ನೂ ಕರ್ಕೊಂಡು ಹೋಗು ಎಂದರು. ಬಾಗಿಲವರೆಗೂ ಬಸ್ಸಿದೆ, ಕಷ್ಟವಾಗುವುದಿಲ್ಲ ಎಂದೆ.

“ಬಸ್ಸಲ್ಲಿ ನಾನು ಹೋಗ್ತೀನಿ. ನೀನು ಮೆಟ್ಲು ಹತ್ಕೊಂಡು ಬಾ.”

ಹತ್ತುತ್ತೇನೆ. ನಾನು ಮೇಲೆ ಬಂದು ನಿಜ ಹೇಳುವವರೆಗೆ ಅಣ್ಣ ಆ ಬಾಗಿಲ ಹೊರಗೇ ಕಾಯುತ್ತಾರಂತೆ.