ಎತ್ತಿದ್ದು ನಾನೇ

ಕೆಂಪಾಪುರದ ನಮ್ಮ ಬೀದಿಯಲ್ಲಿ ಮುನಿಶಾಮಕ್ಕನ ಬಾಯಿಗೆ ಹೆದರದವರಿರಲಿಲ್ಲ. ಅವಳ ಮನೆಗೆ ಅಂಟಿಕೊಂಡೇ ನನ್ನ ಹೊಲಿಗೆ ಅಂಗಡಿ, ಹಾಗಾಗಿ ದಿನವಿಡೀ ಕೇಳಿದವಳು ನಾನು. ಮಗ ಮಣಿಕಂಠನನ್ನು ಯಾರಾದರೂ ಬೈದರೆ ಮುಗಿಯಿತು, ಸೆರಗು ಸಿಕ್ಕಿಸಿಕೊಂಡು ಬೀದಿಗಿಳಿಯುವಳು. "ಅವನ್ನ ಎತ್ತಿದ್ದು ನಾನು. ಕೇಳೋದಿದ್ರೆ ನನ್ನ ಕೇಳಿ." ಹಳೇ ಊರಿನವಳು, ಹಕಾರ ಅವಳ ನಾಲಿಗೆಗೆ ಹತ್ತಲೇ ಇಲ್ಲ. ಹಾಲು ಆಲು, ಹೂವು ಊವು. ಹೆತ್ತಿದ್ದು ನಾನು ಎನ್ನುತ್ತಿದ್ದಾಳೆ ಎಂದೇ ನಾವೆಲ್ಲ ತಿಳಿದಿದ್ದೆವು.

2016ರ ಬೇಸಿಗೆಯಲ್ಲಿ ತುಮಕೂರು ರಸ್ತೆಯ ಒಂದು ಗೋದಾಮಿಗೆ ಬೆಂಕಿ ಬಿತ್ತು. ಮಣಿಕಂಠ ಅಲ್ಲಿ ಲೋಡಿಂಗ್ ಕೆಲಸಕ್ಕಿದ್ದ. ಸಿಕ್ಕಿದ ಮೂರು ಹೆಣಗಳಲ್ಲಿ ಯಾವುದು ಯಾರದೆಂದು ಹೇಳುವಂತಿರಲಿಲ್ಲ. ಡಿಎನ್‌ಎ ಟೆಸ್ಟ್ ಮಾಡಬೇಕು, ತಾಯಿಯದೋ ಮಗುವಿನದೋ ರಕ್ತ ಬೇಕು ಎಂದರು. ಸೊಸೆ ಸರಳಾಳ ಕಂಕುಳಲ್ಲಿ ವರ್ಷ ತುಂಬದ ಮೊಮ್ಮಗಳು. "ಎಳೆ ಕೂಸಿಗ್ಯಾಕೆ ಸೂಜಿ" ಎಂದು ಮುನಿಶಾಮಕ್ಕನೇ ತೋಳು ಚಾಚಿದಳು.

ಎರಡು ಹೆಣಗಳನ್ನು ಅವರವರ ಮನೆಯವರು ಒಯ್ದರು. ಮೂರನೆಯದು ಮುನಿಶಾಮಕ್ಕನ ರಕ್ತಕ್ಕೆ ತಾಳೆಯಾಗಲಿಲ್ಲ. ಇದು ನಿಮ್ಮ ಮಗನಲ್ಲ ಎಂದು ಹೇಳಿ ಕಳಿಸಿದರು.

ಬೀದಿಗೆ ಬೀದಿಯೇ ಸಂಭ್ರಮಪಟ್ಟಿತು. ಮಣಿ ಹೆದರಿ ಎಲ್ಲೋ ಓಡಿಹೋಗಿದ್ದಾನೆ, ಬಂದೇ ಬರುತ್ತಾನೆ. ಸರಳಾ ತಲೆಗೆ ನೀರು ಹಾಕಿಕೊಂಡು ಕೈತುಂಬ ಬಳೆ ತೊಟ್ಟಳು. ನಾನೂ ತೆಂಗಿನಕಾಯಿ ಒಡೆದೆ, ನನ್ನ ಬುದ್ಧಿಗಿಷ್ಟು ಮಣ್ಣು ಹಾಕ. ಮುನಿಶಾಮಕ್ಕ ಮಾತ್ರ ತುತ್ತು ಮುಟ್ಟಲಿಲ್ಲ. "ಏನಕ್ಕಾ, ಮಗ ಬದುಕಿದಾನೆ ಅಂದ್ರೂ ಹಿಂಗೆ ಕೂತಿದ್ದೀಯ?" ಎಂದು ರೇಗಿದೆ. ಗೋಡೆಯ ಕಡೆ ತಿರುಗಿಕೊಂಡಳು.

ಆ ಮೂರನೆಯವನಿಗೆ ಯಾರೂ ದಿಕ್ಕಿಲ್ಲ, ಅನಾಥ ಶವವೆಂದು ಮಣ್ಣು ಮಾಡುತ್ತಾರಂತೆ ಎಂದು ಬೀದಿಯಲ್ಲಿ ಯಾರೋ ಅಂದರು. ಅದು ಕಿವಿಗೆ ಬಿದ್ದದ್ದೇ ಅವಳು ಎದ್ದು ಬಂದು ನನ್ನ ಮಿಷನ್ ಮೇಲೆ ಕೈಯಿಟ್ಟಳು. "ಬಾರೇ, ಟೇಷನ್‌ಗೆ ಓಗಾನ."

ಇನ್ಸ್‌ಪೆಕ್ಟರ್ ಮುಂದೆ ನಿಂತು ಒಂದೇ ಮಾತು ಅಂದಳು. "ಅವನ್ನ ನಾನು ಎತ್ತಿಲ್ಲ ಸ್ವಾಮಿ."

"ಎತ್ತಿಲ್ಲ ಅಂದ್ರೆ? ಏನನ್ನ ಎತ್ತಿಲ್ಲ?"

ಅವಳು ನನ್ನ ಕಡೆ ನೋಡಿದಳು. ಆ ಹಕಾರವನ್ನು ನನ್ನ ಬಾಯಿಂದಲೇ ಆಡಬೇಕಾಯಿತು. "ಹೆತ್ತಿಲ್ಲ ಅಂತಿದಾರೆ ಸಾರ್" ಎಂದೆ. ಅಂದಮೇಲೆಯೇ ಆ ಮಾತಿನ ಅರ್ಥ ನನಗೆ ಹೊಳೆದದ್ದು.

ಆಮೇಲೆ ಅವಳೇ ಎಲ್ಲ ಬಿಡಿಸಿ ಹೇಳಿದಳು. ಗಂಡ ಪಿಳ್ಳಪ್ಪನ ಜೊತೆ ಮಾಕಳಿಯ ಇಟ್ಟಿಗೆ ಗೂಡಿಗೆ ಕೆಲಸಕ್ಕೆ ಹೋಗಿದ್ದ ವರ್ಷ, ಗೂಡಿನ ಹಿಂದೆ ಕೂಸೊಂದು ಅಳುತ್ತಿತ್ತಂತೆ. ಎತ್ತಿಕೊಂಡಳು. ಬಾಣಂತಿಯ ಹಾಗೆ ತಲೆಗೆ ಬಟ್ಟೆ ಕಟ್ಟಿಕೊಂಡು ಊರಿಗೆ ಬಂದಳು. ಪಿಳ್ಳಪ್ಪ ಸತ್ತ ಮೇಲೆ ಇದು ಗೊತ್ತಿದ್ದವಳು ಅವಳೊಬ್ಬಳೇ.

"ಮತ್ತೆ ನೀವ್ಯಾಕಮ್ಮ ರಕ್ತ ಕೊಟ್ರಿ?"

"ನನ್ ಕೈಯೂಟ ತಿಂದು ಬೆಳ್ದೋನು ಸ್ವಾಮಿ. ಒಂದೇ ಆಗಿರ್ತದೆ ಅಂದ್ಕಂಡೆ."

ವಾಪಸು ಬರುವಾಗ ಆಟೋದಲ್ಲಿ ನನ್ನ ಕೈ ಹಿಡಿದುಕೊಂಡಳು. "ಇನ್ಮೇಲೆ ಕೂಸನ್ನ ನನ್ ಕೈಗೆ ಕೊಡ್ತಾರೇನೇ?" ಎಂದಳು. ಆಮೇಲೆ ಅವಳೇ ಅಂದಳು, "ಒಂದ್ಸಲ ದಿಕ್ಕಿಲ್ದೆ ಬಿದ್ದಿದ್ದ. ಎಲ್ಡನೇ ಸಲ ಎಂಗೆ ಬಿಡ್ಲಿ?"

ಕೂಸಿನ ರಕ್ತ ತೆಗೆದರು. ಮೂರನೆಯ ಹೆಣ ಅದರ ಅಪ್ಪನದೇ. ಮಣ್ಣು ಮಾಡುವಾಗ ಮುನಿಶಾಮಕ್ಕ ಬಾಯಿಬಿಟ್ಟು ಅಳಲೂ ಹೆದರಿದಳು.

ತಿಥಿ ಮುಗಿದ ದಿನ ಸರಳಾಳ ತಾಯಿ ದ್ರೌಪದಮ್ಮ ಗಂಟುಮೂಟೆ ಕಟ್ಟಿಸಿದಳು. "ಅಳಿಯನೇ ಇಲ್ಲ. ಈಯಮ್ಮ ನಮ್ಮ ಮಗೂಗೆ ಏನಾಗ್ಬೇಕು?" ಎಂದಳು. ಸರಳಾ ಕೂಸಿನ ಬಟ್ಟೆಗಳನ್ನು ಗಂಟಿಗೆ ತುಂಬಿದಳು. ಎಲ್ಲ ಗೊತ್ತಿದ್ದೂ ಅತ್ತೆ ತಾನು ಬಳೆ ತೊಡುವುದನ್ನು ನೋಡುತ್ತ ಕೂತಳಲ್ಲ ಎಂಬ ಸಿಟ್ಟು ಅವಳದು. ಅದನ್ನೂ ತಪ್ಪೆನ್ನಲಾರೆ.

ಆಟೋ ಬಂತು. ಕೂಸು ತಾಯಿಯ ಹೆಗಲ ಮೇಲಿಂದ ಅಜ್ಜಿಯ ಕಡೆಗೆ ಎರಡೂ ಕೈ ಚಾಚಿ ಕೂಗಿತು. ಮುನಿಶಾಮಕ್ಕ ಸರಳಾಳ ಮುಖ ನೋಡಿದಳು. ಸರಳಾ ಬೇರೆ ಕಡೆ ನೋಡಿದಳು.

ಯಾರನ್ನೂ ಕೇಳದೆ ಗೂಡಿನ ಹಿಂದಿನ ಕೂಸನ್ನು ಎತ್ತಿಕೊಂಡಿದ್ದವಳು, ಅವತ್ತು ಎತ್ತಲಿಲ್ಲ.